ನಂದಿಕೂರಿನ ಕಲ್ಲಿದ್ದಲಿಗೆ ಅಣುವಿದ್ಯುತ್ ಬದಲಿಯಾದೀತೇ?

ಓದುಗರ ಪ್ರಶ್ನೆ: ನಮ್ಮದು ಕಾಪು ತಾಲೂಕಿನ ಒಂದು ಹಳ್ಳಿ. ಒಂದು ಕಡೆ ನಂದಿಕೂರಿನ ಕಲ್ಲಿದ್ದಲು ಸ್ಥಾವರ, ಇನ್ನೊಂದು ಕಡೆ ಪಾದೂರಿನ ಕಚ್ಚಾತೈಲದ ಗುಹೆ. 2047ಕ್ಕೆ ದೇಶದಲ್ಲಿ 100 ಗಿಗಾವ್ಯಾಟ್ (ಒಂದು ಲಕ್ಷ ಮೆಗಾವ್ಯಾಟ್) ಅಣುವಿದ್ಯುತ್ ಆಗಬೇಕೆಂದು ಸರಕಾರ ಹೇಳುತ್ತಿದೆ. ಹಳೆಯ ಕಲ್ಲಿದ್ದಲು ಸ್ಥಾವರಗಳ ಜಾಗದಲ್ಲಿ ಸಣ್ಣ ರಿಯಾಕ್ಟರ್ ಇಡುತ್ತಾರಂತೆ ಎಂಬ ಮಾತೂ ಕೇಳುತ್ತಿದೆ. ಇಷ್ಟು ಬಿಸಿಲು, ಇಷ್ಟು ನದಿ ಇರುವಾಗ ನಿಜಕ್ಕೂ ಅದರ ಅಗತ್ಯ ಇದೆಯೇ? ನಮ್ಮ ಊರಿಗೇ ಬಂದರೆ ಏನು ಕಥೆ? ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವುದಾದರೂ ಆಗ ನಿಂತೀತೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ನಿಲ್ಲುವುದಿಲ್ಲ. ಜೂನ್-ಜುಲೈಯಲ್ಲಿ ಕಾಪು, ಕಾರ್ಕಳ, ಬೆಳ್ತಂಗಡಿ ಕಡೆ ಕರೆಂಟ್ ಹೋಗುವುದು ದೇಶದಲ್ಲಿ ಉತ್ಪಾದನೆ ಸಾಲದೆ ಅಲ್ಲ, ಗಾಳಿಗೆ ಮರದ ಗೆಲ್ಲು 11 ಕೆವಿ ತಂತಿಯ ಮೇಲೆ ಬಿದ್ದು. ಗೆಲ್ಲು ತಾಗಿದೊಡನೆ ಸಬ್‌ಸ್ಟೇಷನ್ನಿನಲ್ಲಿ ಫೀಡರ್ ಟ್ರಿಪ್ ಆಗುತ್ತದೆ, ಅಂದರೆ ಆ ಲೈನು ತಾನಾಗಿ ಬಂದ್. ಲೈನ್‌ಮ್ಯಾನ್ ತೋಟದೊಳಗೆ ನಡೆದುಹೋಗಿ ಎಲ್ಲಿ ತಾಗಿದೆ ಎಂದು ಹುಡುಕಿ ತೆಗೆಯುವವರೆಗೆ ಕತ್ತಲೆ. ಇದಕ್ಕೆ ಮದ್ದು ಮಳೆಗೆ ಮೊದಲೇ ಗೆಲ್ಲು ಕಡಿಯುವುದು, ತೋಟದ ನಡುವೆ ಹೊದಿಕೆಯಿರುವ ತಂತಿ ಎಳೆಯುವುದು, ಪೇಟೆಯಲ್ಲಿ ನೆಲದಡಿಯ ಕೇಬಲ್ ಹಾಕುವುದು. ಕೈಗಾದಲ್ಲಿ ಹತ್ತು ರಿಯಾಕ್ಟರ್ ಕಟ್ಟಿದರೂ ನಿಮ್ಮ ಮನೆಯ ಹಿಂದಿನ ಮಾವಿನ ಗೆಲ್ಲು ತಂತಿಗೆ ಬೀಳುವುದು ತಪ್ಪದು.

ಪಾದೂರಿನ ಗುಹೆಯ ಲೆಕ್ಕವೂ ಬೇರೆ. ಅಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾತೈಲ ಹಿಡಿಯುತ್ತದೆ. ವಿಶಾಖಪಟ್ಟಣದ್ದನ್ನೂ ಸೇರಿಸಿದರೆ 53.3 ಲಕ್ಷ ಟನ್, ಇಡೀ ದೇಶಕ್ಕೆ ಒಂಬತ್ತೂವರೆ ದಿನದ ಖರ್ಚು. ಅದು ಲಾರಿ, ದೋಣಿ, ವಿಮಾನಗಳಿಗೆ ಬೇಕಾದ ಎಣ್ಣೆ. ರಿಯಾಕ್ಟರಿನಿಂದ ಬರುವುದು ವಿದ್ಯುತ್ ಮಾತ್ರ. ವಾಹನಗಳು ಬ್ಯಾಟರಿಗೆ ತಿರುಗಿದಷ್ಟು ಮಟ್ಟಿಗೆ ಒಂದಕ್ಕೊಂದು ಸಂಬಂಧ, ಅದಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಇಲ್ಲಿ ವಿದ್ಯುತ್ತಿನ ಮಾತಷ್ಟೇ ಆಡುತ್ತೇನೆ.

ವಿದ್ಯುತ್ ನೀತಿಯ ಚರ್ಚೆಯಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ‘ಇಷ್ಟು ಮೆಗಾವ್ಯಾಟ್’ ಎನ್ನುತ್ತಾರೆ, ‘ಯಾವ ಹೊತ್ತಿಗೆ’ ಎಂದು ಕೇಳುವುದಿಲ್ಲ. 2025ರ ಜೂನ್ ಹೊತ್ತಿಗೆ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು-ಅನಿಲ ಬಿಟ್ಟು ಬೇರೆ ಮೂಲಗಳದ್ದಾಯಿತು. ಹೆಮ್ಮೆಯ ವಿಷಯವೇ. ಆದರೂ ವರ್ಷವಿಡೀ ಉತ್ಪಾದನೆಯಾಗುವ ಯೂನಿಟ್ಟುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂದಿಗೂ ಕಲ್ಲಿದ್ದಲಿನದ್ದೇ. ಕಾರಣ ಸರಳ. ಪಾವಗಡದ ಸೋಲಾರ್ ಪಾರ್ಕಿಗೆ 2,050 ಮೆಗಾವ್ಯಾಟ್ ಎಂಬ ಹೆಸರಿದ್ದರೂ ಸೌರಫಲಕಗಳು ಇಪ್ಪತ್ನಾಲ್ಕು ಗಂಟೆಯ ಸರಾಸರಿಯಲ್ಲಿ ಹೆಸರಿಗಿರುವುದರ ಕಾಲು ಭಾಗದ ಒಳಗೇ ಕೊಡುತ್ತವೆ. ಅಣುಸ್ಥಾವರ ನೂರಕ್ಕೆ 80-85ರಷ್ಟು ಕೊಡುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಅಂಗಳಕ್ಕೆ ಅಡಿಕೆ ಹರವುವವರು ಯಾರಿದ್ದಾರೆ?

ನಮ್ಮ ರಾಜ್ಯದ ಒಂದು ದಿನವನ್ನು ನೋಡಿ. ಏಪ್ರಿಲ್ ಮಧ್ಯಾಹ್ನ ಒಂದು ಗಂಟೆಗೆ ಸೌರವಿದ್ಯುತ್ ತುಂಬಿ ತುಳುಕುತ್ತದೆ. ಕಲ್ಲಿದ್ದಲು ಘಟಕಗಳನ್ನು ಅವುಗಳ ಕನಿಷ್ಠ ಮಟ್ಟಕ್ಕೆ, ಅಂದರೆ ಪೂರ್ಣ ಸಾಮರ್ಥ್ಯದ 55 ಶೇಕಡಾದ ಆಸುಪಾಸಿಗೆ ಇಳಿಸುತ್ತಾರೆ. ಅದಕ್ಕಿಂತ ಕೆಳಗೆ ಹೋದರೆ ಬಾಯ್ಲರಿನ ಬೆಂಕಿ ಸ್ಥಿರವಾಗಿ ನಿಲ್ಲದು, ಎಣ್ಣೆ ಸುರಿದು ಉರಿಸಬೇಕು. ಸಂಜೆ ಆರೂವರೆಗೆ ಸೂರ್ಯ ಮುಳುಗುತ್ತಾನೆ, ಅದೇ ಹೊತ್ತಿಗೆ ದೀಪ, ಫ್ಯಾನು, ಏಸಿ ಎಲ್ಲ ಏರುತ್ತವೆ. ಆಗ ಕೈಹಿಡಿಯುವುದು ನಮ್ಮದೇ ಕುಂದಾಪುರ ಕಡೆಯ ಹೊಸಂಗಡಿಯ ವಾರಾಹಿ. ನೆಲದಡಿಯ ಆ ವಿದ್ಯುದಾಗಾರದಲ್ಲಿ 115 ಮೆಗಾವ್ಯಾಟಿನ ನಾಲ್ಕು ಯಂತ್ರಗಳಿವೆ, ಒಟ್ಟು 460 ಮೆಗಾವ್ಯಾಟ್. ಮಾಣಿ ಅಣೆಕಟ್ಟಿನ ನೀರು ಘಟ್ಟದಿಂದ ಇಳಿದು ಬಂದು ಕೆಲವೇ ನಿಮಿಷಗಳಲ್ಲಿ ಯಂತ್ರ ಪೂರ್ಣ ವೇಗಕ್ಕೆ ಬರುತ್ತದೆ. ಶರಾವತಿಯದ್ದೂ (1,035 ಮೆಗಾವ್ಯಾಟ್) ಇದೇ ಕೆಲಸ. ಆದರೆ ಈ ನೀರು ವರ್ಷಕ್ಕೊಮ್ಮೆ ತುಂಬುವ ಹಂಡೆ. ಹಗಲು-ರಾತ್ರಿ ಬಿಟ್ಟರೆ ಬೇಸಿಗೆಗೆ ಮುಂಚೆಯೇ ತಳ ಕಾಣುತ್ತದೆ. ಮಳೆ ಕೈಕೊಟ್ಟ ವರ್ಷವಂತೂ ಕೇಳುವುದೇ ಬೇಡ.

ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ, ಆಟಿಯ ಹದಿನೈದು ದಿನ ಬಿಸಿಲಿಲ್ಲದಾಗ, ಗಾಳಿ ನಿಂತಾಗ ಹೊರೆ ಹೊರುವವರು ಯಾರು? ಈಗ ಕಲ್ಲಿದ್ದಲು. ಆ ಜಾಗಕ್ಕೆ ಇಂಗಾಲವಿಲ್ಲದೆ ಬರಬಲ್ಲವು ಮೂರೇ: ಬ್ಯಾಟರಿ, ನೀರನ್ನು ಮೇಲಕ್ಕೆತ್ತಿ ಇಳಿಸುವ ಪಂಪ್ಡ್ ಸ್ಟೋರೇಜ್, ಮತ್ತು ಅಣುವಿದ್ಯುತ್. ಬ್ಯಾಟರಿಯ ಬೆಲೆ ವೇಗವಾಗಿ ಇಳಿಯುತ್ತಿದೆ. ಸಂಜೆಯ ಎರಡು-ನಾಲ್ಕು ಗಂಟೆಗೆ ಅದು ಸಾಕು, ಹದಿನೈದು ದಿನದ ಮೋಡಕ್ಕೆ ಸಾಲದು. ಪಂಪ್ಡ್ ಸ್ಟೋರೇಜ್ ಚೆನ್ನಾದ ತಂತ್ರವೇ, ನೂರು ಯೂನಿಟ್ ಕೊಟ್ಟರೆ 75-80 ಯೂನಿಟ್ ವಾಪಸು ಬರುತ್ತದೆ. ಆದರೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಯೋಜಿಸಿರುವ 2,000 ಮೆಗಾವ್ಯಾಟಿನ ಶರಾವತಿ ಯೋಜನೆ ಸಿಂಗಳೀಕದ ಅಭಯಾರಣ್ಯದೊಳಗೇ ಹೋಗುತ್ತದೆ ಎಂಬ ವಿರೋಧ ನಿಮಗೆ ಗೊತ್ತಿರುವುದೇ. ಹೀಗೆ ನೋಡಿದರೆ ಅಣುವಿದ್ಯುತ್ತಿನ ಪೈಪೋಟಿ ಕಲ್ಲಿದ್ದಲಿನೊಂದಿಗೆ, ಸೋಲಾರ್ ಜೊತೆಗಲ್ಲ. ಇದನ್ನು ಬಿಟ್ಟು ‘ಸೋಲಾರೋ ಅಣುವೋ’ ಎಂದು ಜಗಳಕ್ಕೆ ನಿಂತರೆ ಗೆಲ್ಲುವುದು ಕಲ್ಲಿದ್ದಲೇ.

ಕಲ್ಲಿದ್ದಲಿನೊಂದಿಗೆ ಹೋಲಿಸುವಾಗ ಒಂದು ಲೆಕ್ಕ ಕಣ್ಣಿಗೆ ಕಟ್ಟುವಂತಿದೆ. ನಂದಿಕೂರಿನಲ್ಲಿ 600 ಮೆಗಾವ್ಯಾಟಿನ ಎರಡು ಘಟಕಗಳು. ಪೂರ್ತಿ ಓಡಿದರೆ ದಿನಕ್ಕೆ 12ರಿಂದ 13 ಸಾವಿರ ಟನ್ ಕಲ್ಲಿದ್ದಲು ಬೇಕು. ಹೊರದೇಶದಿಂದ ಹಡಗಿನಲ್ಲಿ ಪಣಂಬೂರಿಗೆ ಬಂದು, ಅಲ್ಲಿಂದ ರೈಲಿನಲ್ಲಿ, ಅಂದರೆ ದಿನವೂ ಮೂರಕ್ಕೂ ಹೆಚ್ಚು ಗೂಡ್ಸ್ ರೈಲು. ಅದೇ ಲೆಕ್ಕದಲ್ಲಿ 220 ಮೆಗಾವ್ಯಾಟಿಗೆ ದಿನಕ್ಕೆ ಸುಮಾರು 2,400 ಟನ್. ಈಗ ಕಾರವಾರ ತಾಲೂಕಿನ ಕೈಗಾಕ್ಕೆ ಬನ್ನಿ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರುಗಳಿವೆ. ಒಂದೊಂದಕ್ಕೂ ಅಡ್ಡಕ್ಕೆ ಮಲಗಿಸಿದ 306 ಕೊಳವೆ, ಪ್ರತಿ ಕೊಳವೆಯಲ್ಲಿ ಸಾಲಾಗಿ 12 ಇಂಧನದ ಕಟ್ಟು. ಒಂದು ಕಟ್ಟು ಅಂದರೆ ಅರ್ಧ ಮೀಟರ್ ಉದ್ದದ 19 ತೆಳುಕಡ್ಡಿಗಳ ಹೊರೆ. ತೂಕ ಸುಮಾರು 16 ಕಿಲೋ, ಅಡುಗೆ ಸಿಲಿಂಡರಿನೊಳಗೆ ತುಂಬುವ ಗ್ಯಾಸಿಗಿಂತ ತುಸು ಜಾಸ್ತಿ. ಪೂರ್ತಿ ಓಡುವ ರಿಯಾಕ್ಟರಿಗೆ ದಿನಕ್ಕೆ ಬೇಕಾಗುವುದು ಇಂಥ ಎಂಟು-ಒಂಬತ್ತು ಕಟ್ಟು. ಒಂದು ಕಟ್ಟಿನಿಂದ ಸುಮಾರು ಆರು ಲಕ್ಷ ಯೂನಿಟ್ ಬರುತ್ತದೆ. ತಿಂಗಳಿಗೆ 150 ಯೂನಿಟ್ ಸುಡುವ ಮನೆಗೆ ಮುನ್ನೂರು ವರ್ಷಕ್ಕೂ ಮಿಕ್ಕಿ ಸಾಕು.

ಈ ಕಟ್ಟುಗಳನ್ನು ಬದಲಾಯಿಸುವ ರೀತಿ ನೋಡುವಂಥದ್ದು. ಕೊಳವೆಯ ಎರಡೂ ತುದಿಗೆ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಯಂತ್ರ ಹೊಸ ಕಟ್ಟುಗಳನ್ನು ತಳ್ಳಿದಂತೆ ಇನ್ನೊಂದು ತುದಿಯ ಯಂತ್ರ ಹಳೆಯದನ್ನು ಒಳಗೆಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಒಮ್ಮೆಗೆ ಎಂಟು ಕಟ್ಟು, ಸರಾಸರಿಯಲ್ಲಿ ದಿನಕ್ಕೊಂದು ಕೊಳವೆ. ಇಷ್ಟೆಲ್ಲ ನಡೆಯುವಾಗ ರಿಯಾಕ್ಟರ್ ಓಡುತ್ತಲೇ ಇರುತ್ತದೆ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ನಡುವೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ ಆಗಿನ ಜಾಗತಿಕ ದಾಖಲೆ ಮಾಡಿದ್ದಕ್ಕೆ ಈ ವ್ಯವಸ್ಥೆಯೇ ಆಧಾರ. ಇಂಗಾಲದ ಲೆಕ್ಕಕ್ಕೆ ಬಂದರೆ, ಗಣಿಯಿಂದ ಹಿಡಿದು ಸ್ಥಾವರ ಕೆಡಹುವವರೆಗೆ ಎಲ್ಲವನ್ನೂ ಸೇರಿಸಿ ಯೂನಿಟ್ಟಿಗೆ ಕಲ್ಲಿದ್ದಲಿನದ್ದು ಸುಮಾರು 820 ಗ್ರಾಂ, ದೊಡ್ಡ ಸೌರಸ್ಥಾವರದ್ದು 48, ಅಣುವಿನದ್ದು 12 ಗ್ರಾಂ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2014ರ ವರದಿ ಹೇಳಿದೆ.

ಇಷ್ಟು ಒಳ್ಳೆಯದಾದರೆ ಎಲ್ಲ ಕಡೆ ಯಾಕಿಲ್ಲ? ಎರಡು ಕಾರಣ. ಚಿಕ್ಕದನ್ನು ಮೊದಲು ಹೇಳುತ್ತೇನೆ. ರಿಯಾಕ್ಟರ್ ವಾರಾಹಿಯಂತೆ ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸುವ ಸರಕಲ್ಲ. ಅದು ನಿಂತ ಮೇಲೆ ಒಳಗೆ ಝೆನಾನ್-135 ಎಂಬ ವಸ್ತು ಗಂಟೆಗಟ್ಟಲೆ ಹೆಚ್ಚುತ್ತಾ ಹೋಗುತ್ತದೆ. ಅಣುಕ್ರಿಯೆಯನ್ನು ನಡೆಸುವ ನ್ಯೂಟ್ರಾನ್ ಕಣಗಳನ್ನು ನುಂಗುವುದರಲ್ಲಿ ಅದು ಬಕಾಸುರ. ಕೈಗಾ ಮಾದರಿಯ ರಿಯಾಕ್ಟರ್ ಟ್ರಿಪ್ ಆದ ಅರ್ಧ ಗಂಟೆಯೊಳಗೆ ಮತ್ತೆ ಏಳಿಸದಿದ್ದರೆ ಈ ‘ವಿಷ’ ಕರಗಲು ಸುಮಾರು ಒಂದೂವರೆ ದಿನ ಕಾಯಬೇಕು. ಹಾಗಾಗಿ ಅದನ್ನು ಒಂದೇ ಸಮ ಓಡಿಸುತ್ತಾರೆ. ಮಧ್ಯಾಹ್ನ ಸೋಲಾರ್ ಉಕ್ಕುವಾಗ ತಗ್ಗಬೇಕಾದದ್ದು ಕಲ್ಲಿದ್ದಲು ಮತ್ತು ನೀರು, ಅಣುವಲ್ಲ. ಮುಂದೆ ಸೋಲಾರ್ ಇನ್ನೂ ಮೂರು ಪಟ್ಟಾದಾಗ ಈ ಹೊಂದಾಣಿಕೆ ಬಿಗಿಯಾಗುತ್ತದೆ. ಆಗ ಪಂಪ್ಡ್ ಸ್ಟೋರೇಜ್ ಅಣುವಿಗೂ ಬೇಕು. ರಾತ್ರಿಯ ಮಿಗತೆಯನ್ನೋ ಮಧ್ಯಾಹ್ನದ ಮಿಗತೆಯನ್ನೋ ಎಲ್ಲಾದರೂ ಕೂಡಿಡಲೇಬೇಕಲ್ಲ.

ದೊಡ್ಡ ಕಾರಣ ದುಡ್ಡು. ಅದರಲ್ಲೂ ಬಡ್ಡಿ. 2017ರಲ್ಲಿ ಕೇಂದ್ರ ಸಂಪುಟ 700 ಮೆಗಾವ್ಯಾಟಿನ ಹತ್ತು ರಿಯಾಕ್ಟರುಗಳಿಗೆ ಒಟ್ಟಿಗೆ ಒಪ್ಪಿಗೆ ಕೊಟ್ಟಿತು, ಅವುಗಳಲ್ಲಿ ಎರಡು ಕೈಗಾದ 5 ಮತ್ತು 6ನೇ ಘಟಕಗಳು. ಹತ್ತಕ್ಕೂ ಸೇರಿ ಅಂದಾಜು 1,05,000 ಕೋಟಿ ರೂಪಾಯಿ, ಅಂದರೆ ಮೆಗಾವ್ಯಾಟಿಗೆ 15 ಕೋಟಿ. ಇದನ್ನು ಮನೆ ಕಟ್ಟುವ ಸಾಲದಂತೆ ನೋಡಿ. ಬರೀ ಕಟ್ಟುವ ಖರ್ಚು ಮೆಗಾವ್ಯಾಟಿಗೆ 12 ಕೋಟಿ, ಬಡ್ಡಿ ನೂರಕ್ಕೆ 9 ಎಂದು ಉದಾಹರಣೆಗೆ ಹಿಡಿಯೋಣ. ಐದು ವರ್ಷದಲ್ಲಿ ಮುಗಿದರೆ ಬಡ್ಡಿ ಸೇರಿ ಸುಮಾರು 15 ಕೋಟಿ. ಹನ್ನೆರಡು ವರ್ಷ ಎಳೆದರೆ 20 ಕೋಟಿ. ಒಂದು ಇಟ್ಟಿಗೆಯೂ ಜಾಸ್ತಿ ಇಟ್ಟಿಲ್ಲ, ಐದು ಕೋಟಿ ಹೆಚ್ಚಾಯಿತು. ಒಂದು ಮೆಗಾವ್ಯಾಟ್ ವರ್ಷಕ್ಕೆ 85 ಶೇಕಡಾ ಓಡಿದರೆ ಸುಮಾರು 74 ಲಕ್ಷ ಯೂನಿಟ್. ಬಂಡವಾಳದ ಮೇಲೆ ವರ್ಷಕ್ಕೆ ನೂರಕ್ಕೆ ಹತ್ತು ವಾಪಸು ಬರಬೇಕೆಂದರೆ ಮೊದಲನೆಯದಕ್ಕೆ ಯೂನಿಟ್ಟಿಗೆ 2 ರೂಪಾಯಿ, ಎರಡನೆಯದಕ್ಕೆ 2.70. ಇಂಧನ, ಭಾರಜಲ (ಈ ರಿಯಾಕ್ಟರಿನೊಳಗೆ ಸಾದಾ ನೀರಿನ ಬದಲು ಬಳಸುವ ಭಾರದ ನೀರು), ಸಂಬಳ, ನಿರ್ವಹಣೆ ಇದರ ಮೇಲೆ. ಇನ್ನು ಏನೋ ಕಾರಣಕ್ಕೆ 50 ಶೇಕಡಾ ಮಾತ್ರ ಓಡಿತೆನ್ನಿ, 15 ಕೋಟಿಯ ಸ್ಥಾವರದ ಬಂಡವಾಳದ ಹೊರೆಯೇ ಯೂನಿಟ್ಟಿಗೆ 3.40 ದಾಟುತ್ತದೆ. ಕಲ್ಲಿದ್ದಲು ಸ್ಥಾವರ ನಿಂತರೆ ಕಲ್ಲಿದ್ದಲಾದರೂ ಉಳಿಯುತ್ತದೆ. ಅಣುಸ್ಥಾವರ ನಿಂತರೆ ಉಳಿಯುವುದು ಅತ್ಯಲ್ಪ, ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ನಮ್ಮವರು ಬೇಗ ಕಟ್ಟಬಲ್ಲರೇ? ಎರಡೂ ಉದಾಹರಣೆ ಇದೆ. ಕೈಗಾದ ಮೂರನೇ ಘಟಕಕ್ಕೆ 2002ರಲ್ಲಿ ಕಾಂಕ್ರೀಟ್ ಬಿತ್ತು, 2007ರಲ್ಲಿ ವಿದ್ಯುತ್ ಬಂತು, ಐದೇ ವರ್ಷ. ಗುಜರಾತಿನ ಕಾಕ್ರಾಪಾರದ ಮೂರನೇ ಘಟಕ, ಅಂದರೆ 700 ಮೆಗಾವ್ಯಾಟ್ ಮಾದರಿಯ ಮೊದಲನೆಯದು, 2010ರಲ್ಲಿ ಶುರುವಾಗಿ ವಾಣಿಜ್ಯ ಉತ್ಪಾದನೆಗೆ ಬಂದದ್ದು 2023ರಲ್ಲಿ. ಕಲ್ಪಾಕ್ಕಮ್ಮಿನ 500 ಮೆಗಾವ್ಯಾಟಿನ ಫಾಸ್ಟ್ ಬ್ರೀಡರ್ (ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ರಿಯಾಕ್ಟರ್) 2004ರಲ್ಲಿ ಶುರುವಾಗಿ 2010ಕ್ಕೆ ಮುಗಿಯಬೇಕಿತ್ತು, ಅದರೊಳಗೆ ಇಂಧನ ತುಂಬುವ ಮಾತು ಬಂದದ್ದೇ 2024ರಲ್ಲಿ. ಮಾದರಿ ಹೊಸದಾದಷ್ಟು ವಿಳಂಬ ಹೆಚ್ಚು, ಅದನ್ನೇ ಮತ್ತೆ ಮತ್ತೆ ಕಟ್ಟಿದರೆ ಕೈ ಪಳಗುತ್ತದೆ. ಹತ್ತನ್ನು ಒಟ್ಟಿಗೆ ಮಂಜೂರು ಮಾಡಿದ್ದರ ಹಿಂದಿನ ತರ್ಕ ಇದು, ತರ್ಕವೇನೋ ಸರಿಯಾಗಿಯೇ ಇದೆ.

ಆದರೆ 100 ಗಿಗಾವ್ಯಾಟ್? 2005ರಲ್ಲಿ ನಮ್ಮ ಅಣುಸಾಮರ್ಥ್ಯ 3,300 ಮೆಗಾವ್ಯಾಟಿನ ಆಸುಪಾಸು ಇತ್ತು, 2025ರಲ್ಲಿ 8,800ರ ಆಸುಪಾಸು. ಇಪ್ಪತ್ತು ವರ್ಷದಲ್ಲಿ ಸೇರಿದ್ದು 5,500, ವರ್ಷಕ್ಕೆ 275. 2047ಕ್ಕೆ ಒಂದು ಲಕ್ಷ ಮುಟ್ಟಬೇಕೆಂದರೆ ವರ್ಷಕ್ಕೆ 4,000ಕ್ಕೂ ಮೇಲೆ ಸೇರಬೇಕು, ಇದುವರೆಗಿನ ವೇಗದ ಹದಿನೈದು ಪಟ್ಟು. ಸರಕಾರದ್ದೇ ಇನ್ನೊಂದು ಗುರಿ 2031-32ಕ್ಕೆ 22,480 ಮೆಗಾವ್ಯಾಟ್. ಅದನ್ನೇ ಕೆಲವು ವರ್ಷ ತಡವಾಗಿಯಾದರೂ ಮುಟ್ಟಿದರೆ ದೊಡ್ಡ ಸಾಧನೆ ಎಂಬುದು ನನ್ನ ಲೆಕ್ಕ. 2025ರ ಬಜೆಟಿನಲ್ಲಿ ಸಣ್ಣ ರಿಯಾಕ್ಟರುಗಳ ಸಂಶೋಧನೆಗೆ 20,000 ಕೋಟಿ ಇಟ್ಟು, 2033ರೊಳಗೆ ಕನಿಷ್ಠ ಐದು ಸ್ವದೇಶಿ ರಿಯಾಕ್ಟರ್ ಓಡಬೇಕೆಂದಿದ್ದಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ‘ಶಾಂತಿ’ ಮಸೂದೆಯನ್ನು ಅಂಗೀಕರಿಸಿ, 1962ರ ಪರಮಾಣು ಶಕ್ತಿ ಕಾಯ್ದೆ ಮತ್ತು 2010ರ ಅಣುಹಾನಿ ಹೊಣೆಗಾರಿಕೆ ಕಾಯ್ದೆ ಎರಡನ್ನೂ ತೆಗೆದು ಖಾಸಗಿಯವರಿಗೆ ಬಾಗಿಲು ತೆರೆಯಿತು. ಬಾಗಿಲು ತೆರೆದರಷ್ಟೇ ಸಾಲದು. ಐದಾರು ವರ್ಷ ಒಂದು ಪೈಸೆ ಹುಟ್ಟದ ಯೋಜನೆಗೆ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡುವವರು ಬೇಕು, ಮೂವತ್ತು-ನಲವತ್ತು ವರ್ಷ ವಿದ್ಯುತ್ ಕೊಳ್ಳುತ್ತೇವೆ ಎಂದು ಬರೆದುಕೊಡುವವರೂ ಬೇಕು. ಒಂದು ವೇಳೆ 100 ಗಿಗಾವ್ಯಾಟ್ ಆಗಿಯೇ ಹೋಯಿತೆನ್ನಿ. ಈಗ ಸುಮಾರು ನೂರಕ್ಕೆ 3 ಇರುವ ಪಾಲು, ಅಷ್ಟರಲ್ಲಿ ದೇಶದ ಬೇಡಿಕೆಯೂ ಮೂರು ಪಟ್ಟಾದರೆ, 13-14 ಆದೀತು. ಮಿಕ್ಕ 86 ಎಲ್ಲಿಂದ ಎಂಬ ಪ್ರಶ್ನೆ ಹಾಗೆಯೇ ಇರುತ್ತದೆ.

ಇನ್ನು ನಿಮ್ಮ ಊರಿನ ಮಾತು. ನಂದಿಕೂರಿನ ಘಟಕಗಳು ಶುರುವಾದದ್ದು 2010ರಿಂದ 2012ರ ನಡುವೆ, ಅವು ನಿವೃತ್ತಿಯಾಗುವ ಹಳೆಯ ಸ್ಥಾವರಗಳ ಸಾಲಿಗೆ ಇನ್ನೂ ಸೇರುವುದಿಲ್ಲ. ಜೊತೆಗೆ ‘ಸಣ್ಣ’ ಎಂಬ ಪದ ಮೋಸದ್ದು. ಉದ್ದಿಮೆಗಳಿಗೆಂದು ಯೋಜಿಸಿರುವ ಭಾರತ್ ಸ್ಮಾಲ್ ರಿಯಾಕ್ಟರ್ ಬೇರೇನಲ್ಲ, ಕೈಗಾದಲ್ಲಿರುವ ಅದೇ 220 ಮೆಗಾವ್ಯಾಟಿನ ಮಾದರಿಯ ಪರಿಷ್ಕೃತ ರೂಪ. ಅದಕ್ಕೆ ಬೇಕಾದ ಎರಡು ಸಂಗತಿ ನಮ್ಮ ಕರಾವಳಿಗೆ ಹೊಂದುವುದಿಲ್ಲ, ಅಥವಾ ಬಹಳ ಕಷ್ಟದಿಂದ ಹೊಂದುತ್ತದೆ.

ಒಂದು, ಜನ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ 1990ರ ಸ್ಥಳ ಆಯ್ಕೆಯ ಸಂಹಿತೆ ಅಪೇಕ್ಷಣೀಯ ಎಂದು ಕೊಟ್ಟ ಅಳತೆಗಳಿವು: 10 ಕಿ.ಮೀ. ಒಳಗೆ ಹತ್ತು ಸಾವಿರಕ್ಕಿಂತ ಹೆಚ್ಚು ಜನರ ಊರಿರಬಾರದು, 30 ಕಿ.ಮೀ. ಒಳಗೆ ಲಕ್ಷ ಮೀರಿದ ಪಟ್ಟಣವಿರಬಾರದು, ಸುತ್ತಲಿನ ಜನಸಾಂದ್ರತೆ ರಾಜ್ಯದ ಸರಾಸರಿಯ ಮೂರನೇ ಎರಡಕ್ಕಿಂತ ಕಡಿಮೆಯಿರಬೇಕು. ಅದರ 2014ರ ಪರಿಷ್ಕೃತ ಸಂಹಿತೆಯಂತೆ ಸ್ಥಾವರದ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಯಾರೂ ವಾಸಿಸದ ವಲಯ ಬೇರೆ. 2011ರ ಜನಗಣತಿಯಲ್ಲಿ ಚದರ ಕಿ.ಮೀ.ಗೆ ರಾಜ್ಯದ ಸರಾಸರಿ 319, ಉಡುಪಿ ಜಿಲ್ಲೆಯದು 329. ಅದೂ ಪೂರ್ವದ ಘಟ್ಟದ ಕಾಡನ್ನೆಲ್ಲ ಸೇರಿಸಿ ಬಂದ ಸಂಖ್ಯೆ. ಮೂಲ್ಕಿಯಿಂದ ಉಡುಪಿಯವರೆಗೆ ಹೆದ್ದಾರಿಯಲ್ಲಿ ಒಮ್ಮೆ ಹೋಗಿ ನೋಡಿ, ಮನೆಯಿಲ್ಲದ ಒಂದು ಕಿಲೋಮೀಟರ್ ಸಿಗುತ್ತದೆಯೇ? ನಂದಿಕೂರಿನ ಸ್ಥಾವರ ನಿಂತಿರುವ ಎಲ್ಲೂರಿನಿಂದ 30 ಕಿ.ಮೀ. ಒಳಗೇ ಉಡುಪಿ ನಗರ, 2011ರಲ್ಲೇ ಅದರ ಜನಸಂಖ್ಯೆ ಲಕ್ಷ ದಾಟಿತ್ತು. ಕೈಗಾ ಹಾಗಲ್ಲ, ಸುತ್ತ ಕಾಡು, ಮುಂದೆ ಕದ್ರಾ ಜಲಾಶಯ. ಕಾಡಿನದ್ದು ಬೇರೆ ಜಗಳ, ಅದೂ ಸಣ್ಣದಲ್ಲ. ನಿಯಮ ಸಡಿಲಿಸಿ ವಲಯವನ್ನು ಕಿರಿದು ಮಾಡಬಹುದು, ಜನರನ್ನು ಕಿರಿದು ಮಾಡಲಾಗದು.

ಎರಡು, ನೀರಿನ ಬಿಸಿ. 220 ಮೆಗಾವ್ಯಾಟ್ ವಿದ್ಯುತ್ತಿಗಾಗಿ ಈ ರಿಯಾಕ್ಟರ್ ಸುಮಾರು 755 ಮೆಗಾವ್ಯಾಟಿನಷ್ಟು ಶಾಖ ಹುಟ್ಟಿಸುತ್ತದೆ. ಉಳಿದ 535 ಮೆಗಾವ್ಯಾಟ್ ಶಾಖ ಎಲ್ಲಿಗಾದರೂ ಹೋಗಬೇಕು. ಕಲ್ಲಿದ್ದಲು ಸ್ಥಾವರದ ಹಬೆ ಇದಕ್ಕಿಂತ ಹೆಚ್ಚು ಬಿಸಿ, ಹಾಗಾಗಿ ಅದು ಯೂನಿಟ್ಟಿಗೆ ಕಡಿಮೆ ಶಾಖವನ್ನು ನೀರಿಗೆ ಬಿಡುತ್ತದೆ. ಸಮುದ್ರದ ನೀರನ್ನು ನೇರವಾಗಿ ಹರಿಸಿ ತಣಿಸುವುದಾದರೆ, ಹೊರಬಿಡುವ ನೀರು ಸುತ್ತಲಿನದ್ದಕ್ಕಿಂತ 7 ಡಿಗ್ರಿ ಮೀರಿ ಬಿಸಿಯಾಗಬಾರದು ಎಂಬ ಮಿತಿಗೆ ಲೆಕ್ಕ ಹಾಕಿ: ಸೆಕೆಂಡಿಗೆ ಸುಮಾರು 18 ಸಾವಿರ ಲೀಟರ್. ದೊಡ್ಡ ನೀರಿನ ಟ್ಯಾಂಕರ್ ಒಂದೂವರೆ, ಪ್ರತಿ ಸೆಕೆಂಡಿಗೆ, ವರ್ಷವಿಡೀ. ಒಳಗೆ ಎಳೆಯುವ ಬಾಯಿಯಲ್ಲಿ ಮೀನಿನ ಮೊಟ್ಟೆ-ಮರಿ ಹೋಗುತ್ತದೆ, ಹೊರಬಿಡುವ ಕಡೆ ಬಿಸಿನೀರಿನ ಪಟ್ಟಿ ಬೀಳುತ್ತದೆ. ಆಳಕ್ಕೆ ಕೊಳವೆ ಒಯ್ದು ಹರಡಿ ಬಿಟ್ಟರೆ ಪರಿಣಾಮ ತಗ್ಗುತ್ತದೆ, ಆದರೆ ದಡದ ಕೈರಂಪಣಿಯವರೂ ನಾಡದೋಣಿಯವರೂ ಮೀನು ಹಿಡಿಯುವುದು ಆ ಪಟ್ಟಿಯಲ್ಲೇ ಎಂಬುದನ್ನು ಮರೆಯುವಂತಿಲ್ಲ. ಕೂಲಿಂಗ್ ಟವರ್ ಕಟ್ಟಿದರೆ ನೀರು ಕಡಿಮೆ ಸಾಕು. ಉಪ್ಪುನೀರಿನದ್ದಾದರೆ ಗಾಳಿಯಲ್ಲಿ ಉಪ್ಪಿನ ಹನಿ ಹಾರುವ ತೊಂದರೆ ಉಂಟು.

ಅಪಘಾತದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ರಿಯಾಕ್ಟರ್ ಬಾಂಬಿನಂತೆ ಸಿಡಿಯುವುದಿಲ್ಲ, ಇಂಧನದ ರಚನೆಯೇ ಅದಕ್ಕೆ ಬಿಡದು. ಅಪಾಯ ಇರುವುದು ನಿಲ್ಲಿಸಿದ ಮೇಲೆ. ಬಚ್ಚಲ ಒಲೆಯ ಕೊಳ್ಳಿ ಹೊರಗೆಳೆದರೂ ಕೆಂಡದ ಬಿಸಿಗೆ ಹಂಡೆಯ ನೀರು ಬಹಳ ಹೊತ್ತು ಕುದಿಯುತ್ತಲೇ ಇರುವುದಿಲ್ಲವೇ, ಹಾಗೆ. ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ 6-7 ಶೇಕಡಾ ಉಳಿದಿರುತ್ತದೆ. ಕೈಗಾದ ಗಾತ್ರಕ್ಕೆ ಅದು 45-50 ಮೆಗಾವ್ಯಾಟ್. ಒಂದು ದಿನ ಕಳೆದರೂ ಮೂರು-ನಾಲ್ಕು ಮೆಗಾವ್ಯಾಟ್. ಈ ಕೆಂಡಕ್ಕೆ ನೀರು ಹನಿಸುತ್ತಲೇ ಇರಬೇಕು, ಅದಕ್ಕೆ ಪಂಪು, ಪಂಪಿಗೆ ಕರೆಂಟು. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪವಾದೊಡನೆ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಹಿಂದೆಯೇ ಬಂದ ಸುನಾಮಿಗೆ ಡೀಸೆಲ್ ಜನರೇಟರುಗಳು ಮುಳುಗಿ ಪಂಪು ನಿಂತದ್ದರಿಂದ ಇಂಧನ ಕರಗಿತು. ಆದ್ದರಿಂದ ಯಾವುದೇ ಸ್ಥಾವರವನ್ನು ಅಳೆಯುವಾಗ ಗುಮ್ಮಟ ಎಷ್ಟು ದಪ್ಪ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ಹೊರಗಿನ ಲೈನೂ ಡೀಸೆಲೂ ಎರಡೂ ಕೈಕೊಟ್ಟರೆ ಎಷ್ಟು ಗಂಟೆ, ಯಾವ ನೀರಿನಿಂದ ತಣಿಸುತ್ತೀರಿ ಎಂದು.

ಕೈಗಾದ ದಾಖಲೆಯೂ ಪೂರ್ತಿ ಕಲೆಯಿಲ್ಲದ್ದಲ್ಲ. 1994ರ ಮೇಯಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರವೇ ಕಳಚಿ ಬಿತ್ತು. ಒಳಗೆ ಇಂಧನ ಇರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ, ಆದರೆ ವಿನ್ಯಾಸವನ್ನೇ ಬದಲಿಸಿ ಹೊಸದಾಗಿ ಕಟ್ಟಬೇಕಾಯಿತು. 2009ರ ನವೆಂಬರಿನಲ್ಲಿ ನಡೆದದ್ದು ಬೇರೆ ಬಗೆಯದು. ಟ್ರಿಶಿಯಂ (ವಿಕಿರಣ ಸೂಸುವ ಜಲಜನಕ) ಸೇರಿದ್ದ ಭಾರಜಲವನ್ನು ಯಾರೋ ಸಿಬ್ಬಂದಿ ಕುಡಿಯುವ ನೀರಿನ ಕೂಲರಿಗೆ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ನೌಕರರ ಮೂತ್ರ ಪರೀಕ್ಷೆಯಲ್ಲಿ ಅದು ಗೊತ್ತಾಯಿತು. ಟ್ರಿಶಿಯಂ ನೀರಿನ ರೂಪದಲ್ಲೇ ಇರುವುದರಿಂದ ದೇಹದಲ್ಲಿ ಅದರ ಅರ್ಧಾಂಶ ಸುಮಾರು ಹತ್ತು ದಿನಕ್ಕೆ ಹೊರಹೋಗುತ್ತದೆ, ನೀರು ಹೆಚ್ಚು ಕುಡಿಸಿ ಮೂತ್ರ ಹೆಚ್ಚಿಸಿದರೆ ಇನ್ನೂ ಬೇಗ. ಅಲ್ಲಿ ಎಡವಿದ್ದು ರಿಯಾಕ್ಟರಲ್ಲ, ಒಳಗಿನ ಕಾವಲು.

ಬಳಸಿದ ಇಂಧನದ ಗತಿ ಏನು? ಕೈಯಿಂದ ಎತ್ತಿ ನೋಡಬಹುದಾಗಿದ್ದ ಅದೇ 16 ಕಿಲೋದ ಕಟ್ಟು, ರಿಯಾಕ್ಟರಿನಿಂದ ಹೊರಬಂದ ಮೇಲೆ ಹತ್ತಿರ ನಿಂತರೆ ನಿಮಿಷಗಳಲ್ಲಿ ಮಾರಕ. ಅದನ್ನು ಆಳದ ನೀರಿನ ಕೊಳದಲ್ಲಿ ವರ್ಷಗಟ್ಟಲೆ ಮುಳುಗಿಸಿಡುತ್ತಾರೆ. ಒಂದು ರಿಯಾಕ್ಟರಿನಿಂದ ವರ್ಷಕ್ಕೆ ಎರಡೂವರೆ-ಮೂರು ಸಾವಿರ ಕಟ್ಟು. ಗಾತ್ರ ಕಡಿಮೆ, ನಂದಿಕೂರಿನ ಬೂದಿಯ ಮುಂದೆ ಏನೂ ಅಲ್ಲ, ಆಯುಸ್ಸು ಮಾತ್ರ ದೀರ್ಘ. ಭಾರತದ ನೀತಿ ಇದನ್ನು ಹೂಳುವುದಲ್ಲ, ಕರಗಿಸಿ ಪ್ಲುಟೋನಿಯಂ ಮತ್ತು ಯುರೇನಿಯಂ ಬೇರ್ಪಡಿಸುವುದು. ಟ್ರಾಂಬೆಯಲ್ಲಿ ಈ ಕೆಲಸ 1964ರಿಂದಲೂ ಇದೆ. ಉಳಿದ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ ಉಕ್ಕಿನ ಡಬ್ಬಿಯಲ್ಲಿ ಮುಚ್ಚಿ, ಗಾಳಿಯಾಡುವ ಕಟ್ಟಡದಲ್ಲಿ ಮೂರು-ನಾಲ್ಕು ದಶಕ ತಣಿಯಲು ಬಿಡುತ್ತಾರೆ. ಆಮೇಲೆ ಇಡಬೇಕಾದ ಶಾಶ್ವತ ಆಳದ ಭಂಡಾರ ನಮ್ಮಲ್ಲಿಲ್ಲ. ಇದು ನಿಜವಾದ ಬಾಕಿ ಕೆಲಸ. ಸ್ಥಾವರ ಹತ್ತು ಪಟ್ಟಾಗುತ್ತದೆ ಎನ್ನುವವರು ಭಂಡಾರದ ಮಾತನ್ನೂ ಅದೇ ಉಸಿರಿನಲ್ಲಿ ಆಡಬೇಕು.

ಥೋರಿಯಂ ಬಗ್ಗೆ ಒಂದೇ ಮಾತು. ಕೇರಳದಿಂದ ಒಡಿಶಾವರೆಗಿನ ಕಡಲ ಮರಳಿನ ಮೊನಜೈಟ್ ಖನಿಜದಲ್ಲಿ ಅದು ಧಾರಾಳ ಇದೆ, ಸರಿ. ಆದರೆ ಥೋರಿಯಂ ತಾನಾಗಿ ಉರಿಯದು. ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತದ ದಾರಿಯಲ್ಲಿ ಅದು ಮೂರನೆಯದು. ನಾವು ಮೊದಲನೆಯದನ್ನು (ಕೈಗಾ ಮಾದರಿ) ದಾಟಿ ಎರಡನೆಯದರ (ಫಾಸ್ಟ್ ಬ್ರೀಡರ್) ಹೊಸಿಲಲ್ಲಿದ್ದೇವೆ. ಅಲ್ಲಿಯವರೆಗೆ ಬೇಕಾದದ್ದು ಯುರೇನಿಯಂ. 2008ಕ್ಕೆ ಮೊದಲು ಅದರ ಕೊರತೆಯಿಂದ ದೇಶದ ರಿಯಾಕ್ಟರುಗಳು ಅರ್ಧ ಹೊಟ್ಟೆಯಲ್ಲಿ ಓಡುತ್ತಿದ್ದವು, ಕೈಗಾದ ನಾಲ್ಕನೇ ಘಟಕವೂ ಇಂಧನಕ್ಕೆ ಕಾದು 2011ರಲ್ಲಿ ಶುರುವಾಯಿತು. ಈಗ ಕಝಾಕಿಸ್ತಾನ, ರಷ್ಯಾ, ಕೆನಡಾಗಳಿಂದ ತರಿಸುತ್ತೇವೆ. ಹೊರಗಿನ ಅವಲಂಬನೆ ಅಂದರೆ ಅದೂ ಅವಲಂಬನೆಯೇ. ಆದರೆ ಕಲ್ಲಿದ್ದಲನ್ನು ವರ್ಷಗಟ್ಟಲೆಗೆ ಕೂಡಿಡಲಾಗದು, ಯುರೇನಿಯಮ್ಮನ್ನು ಒಂದು ಗೋದಾಮಿನಲ್ಲಿ ಇಡಬಹುದು.

ಹಾಗಾದರೆ ನನ್ನ ಅಭಿಪ್ರಾಯ: ಕೈಗಾದ 5 ಮತ್ತು 6ನೇ ಘಟಕ ಕಟ್ಟಲಿ, ಆದರೆ ವೇಳೆಗೆ ಸರಿಯಾಗಿ. ಮೂಲ್ಕಿ-ಕುಂದಾಪುರ ನಡುವಿನ ಕರಾವಳಿಗೆ ಎಂಥ ಸಣ್ಣ ರಿಯಾಕ್ಟರೂ ಬೇಡ. ನಿಮ್ಮ ಮನೆಯ ಮೇಲೆ ಸೋಲಾರ್ ಖಂಡಿತ ಹಾಕಿಸಿ, ಆದರೆ ಲೆಕ್ಕ ಮಾಡಿ. 3 ಕಿಲೋವ್ಯಾಟಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನವಿದೆ. ಮಾರ್ಚಿನಲ್ಲಿ ತಿಂಗಳಿಗೆ 400 ಯೂನಿಟ್ ಹತ್ತಿರ ಬಂದೀತು, ಜುಲೈಯಲ್ಲಿ ಅದರ ಅರ್ಧ. ಗೃಹಜ್ಯೋತಿಯಲ್ಲಿ ಈಗ ಸೊನ್ನೆ ಬಿಲ್ ಬರುವ ಮನೆಗೆ ಹಣ ಬೇಗ ವಾಪಸು ಬಾರದು. ಕಡಲ ಹತ್ತಿರದ ಮನೆಗೆ ಪೇಂಟ್ ಬಳಿದ ಕಬ್ಬಿಣದ ಸ್ಟ್ಯಾಂಡ್ ಹಾಕಿಸಬೇಡಿ, ಎರಡು ಮಳೆಗೆ ತುಕ್ಕು. ಬಿಸಿಸತುವಿನಲ್ಲಿ ಅದ್ದಿದ ಕಬ್ಬಿಣ ಅಥವಾ ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್. ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಅರ್ತಿಂಗ್ ಪ್ರತ್ಯೇಕ ಗುಂಡಿಗಳಲ್ಲಿ ಇರಲಿ. ಇನ್ನೊಂದು: ಗ್ರಿಡ್ಡಿಗೆ ಕಟ್ಟಿದ ಸಾದಾ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮ್ಯಾನಿಗೆ ಶಾಕ್ ಹೊಡೆಯಬಾರದಲ್ಲ. ಮಾವಿನ ಗೆಲ್ಲಿನ ಕತ್ತಲೆಗೆ ಬ್ಯಾಟರಿಯೇ ಬೇಕು.

ನಾಳೆ ಯಾವುದಾದರೂ ಅಣುಯೋಜನೆ ನಿಮ್ಮ ಜಿಲ್ಲೆಗೆ ಬಂದರೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ನಡೆಯಬೇಕು, ಕನಿಷ್ಠ 30 ದಿನ ಮೊದಲು ನೋಟಿಸು ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತ್, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳಲ್ಲಿ ಓದಲು ಸಿಗಬೇಕು, ಸಾರಾಂಶ ಕನ್ನಡದಲ್ಲಿರಬೇಕು. ಸಾರಾಂಶ ಓದಿ ಬಿಡಬೇಡಿ, ಪೂರ್ತಿ ವರದಿಯಲ್ಲಿ ಬಿಸಿನೀರಿನ ಅಧ್ಯಾಯ ತೆರೆಯಿರಿ. ಅದರ ಮಾದರಿಗೆ ಬಳಸಿದ ಅಳತೆಗಳು ಯಾವ ತಿಂಗಳಿನವು ನೋಡಿ. ಮಳೆಗಾಲ ಬಿಟ್ಟು ಬೇಸಿಗೆಯದ್ದು ಮಾತ್ರ ಇದ್ದರೆ ಆ ಲೆಕ್ಕ ಅರ್ಧ. ಈಗಿನ ಹಿನ್ನೆಲೆ ವಿಕಿರಣವನ್ನು ಯಾರು ಅಳೆದಿದ್ದಾರೆ, ಎಷ್ಟು ವರ್ಷ ಎಂದು ಕೇಳಿ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣದ ಸಂಶೋಧನೆಗೆಂದೇ ಕೇಂದ್ರವಿದೆ, ಕೈಗಾ ಪರಿಸರದ ಅಧ್ಯಯನ ಮಾಡಿದ ಅನುಭವವೂ ಅಲ್ಲಿಯವರಿಗಿದೆ. ಬಳಸಿದ ಇಂಧನ ಈ ಜಾಗದಲ್ಲಿ ಎಷ್ಟು ವರ್ಷ ಇರುತ್ತದೆ, ಆಮೇಲೆ ಯಾವ ರಸ್ತೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಬಾಯಿಮಾತಿನ ಉತ್ತರ ಒಪ್ಪಬೇಡಿ. ಅಹವಾಲಿನ ನಡಾವಳಿಯಲ್ಲಿ ಬರೆಸಿ, ಪ್ರತಿಗೆ ಅರ್ಜಿ ಹಾಕಿ.